ಆಫೀಸಿಗೆ ನಮ್ಮದೇ ಜುಲಿಪ್: ಹಾಕುವುದು, ಒಗ್ಗಿಸುವುದು, ಉಳಿದ ಸಾಫ್ಟ್‌ವೇರಿಗೆ ಜೋಡಿಸುವುದು

"ಆಫೀಸಿನ ಮಾತುಕತೆಯೆಲ್ಲ ವಾಟ್ಸಾಪ್ ಗ್ರೂಪಿನಲ್ಲೇ ನಡೀತಿದೆ. ಇದನ್ನ ನಮ್ಮದೇ ಸರ್ವರಿಗೆ ತರೋದು ಹೇಗೆ? ತಂದ ಮೇಲೆ ನಮ್ಮ ಬಿಲ್ಲಿಂಗು, ಟಿಕೆಟ್ಟು ಎಲ್ಲದಕ್ಕೂ ಜೋಡಿಸಬಹುದಾ?" ಈ ಪ್ರಶ್ನೆ ಬರುತ್ತಲೇ ಇದೆ. ಈಚೆಗೆ ಇನ್ನಿಬ್ಬರು ಸೇರಿಕೊಂಡಿದ್ದಾರೆ. ಸ್ಲ್ಯಾಕ್ ಎಂಬ ಆಫೀಸ್ ಚಾಟಿನ ಉಚಿತ ಪ್ಲಾನಿನಲ್ಲಿ ಇರುವವರಿಗೆ 90 ದಿನಕ್ಕಿಂತ ಹಳೆಯ ಮೆಸೇಜ್ ಕಾಣುವುದಿಲ್ಲ, ವರ್ಷ ದಾಟಿದ್ದು ಅಳಿಸಿಯೇ ಹೋಗುತ್ತದೆ. ಮೆಟಾದ ವರ್ಕ್‌ಪ್ಲೇಸ್ ಬಳಸುತ್ತಿದ್ದವರಿಗೆ 2024ರ ಮೇ ತಿಂಗಳಲ್ಲೇ ಅಂಗಡಿ ಮುಚ್ಚುವ ಸುದ್ದಿ ಬಂತು, 2025ರ ಸೆಪ್ಟೆಂಬರ್‌ನಲ್ಲಿ ಅದು ಓದಲಿಕ್ಕೆ ಮಾತ್ರ ಅಂತಾಯಿತು.

ಹಾಗಾಗಿ ಒಂದೇ ಸಾಫ್ಟ್‌ವೇರ್ ಹಿಡಿದು ಮೊದಲಿಂದ ಕೊನೆವರೆಗೆ ಹೇಳಿಬಿಡೋಣ ಅಂತ ಈ ಬರಹ. ನಾನು ಆರಿಸಿಕೊಂಡಿದ್ದು ಜುಲಿಪ್. 2012ರಲ್ಲಿ ಶುರುವಾಗಿ, 2014ರಲ್ಲಿ ಡ್ರಾಪ್‌ಬಾಕ್ಸ್ ಕೈಗೆ ಹೋಗಿ, 2015ರಲ್ಲಿ ಓಪನ್ ಸೋರ್ಸ್ ಆದ ಚಾಟ್ ಸಾಫ್ಟ್‌ವೇರ್ ಇದು. ಆರಿಸಲು ಕಾರಣ ಎರಡು. ಕಂಪನಿಯ ಲಾಗಿನ್ ಜೋಡಿಸುವ ಸೌಲಭ್ಯವನ್ನು ಬೇರೆ ಹಲವರು ದುಡ್ಡಿನ ಆವೃತ್ತಿಯಲ್ಲಿ ಇಟ್ಟಿರುತ್ತಾರೆ, ಇಲ್ಲಿ ಅದು ಉಚಿತ ಆವೃತ್ತಿಯಲ್ಲೇ ಇದೆ. ಇನ್ನೊಂದು, ಮಾತುಕತೆಯನ್ನು ಟಾಪಿಕ್, ಅಂದರೆ ವಿಷಯದ ಹೆಸರಿನ ಪ್ರಕಾರ ವಿಂಗಡಿಸುವ ಅದರ ಪದ್ಧತಿ. ಮೊದಲ ವಾರ ಎಲ್ಲರೂ ಗೊಣಗುತ್ತಾರೆ. ಆಮೇಲೆ ಹಳೆಯದನ್ನು ಹುಡುಕುವಾಗ ಅದರ ಬೆಲೆ ಗೊತ್ತಾಗುತ್ತದೆ.

ನೀವು ಪ್ರೋಗ್ರಾಮರ್ ಆಗಿರಬೇಕಿಲ್ಲ. ಲಿನಕ್ಸ್‌ನ ಕಪ್ಪು ಪರದೆ ಕಂಡರೆ ಅಂಜಿಕೆ ಇರಬಾರದು, ಅಷ್ಟೇ. ಕಮ್ಯಾಂಡ್‌ಗಳನ್ನು ಇಲ್ಲಿ ಕೊಟ್ಟಿಲ್ಲ. ಅವು ಜುಲಿಪ್‌ನ ಅಧಿಕೃತ ಕೈಪಿಡಿಯಲ್ಲಿ ಸ್ಪಷ್ಟವಾಗಿವೆ, ಆವೃತ್ತಿ ಬದಲಾದ ಹಾಗೆ ಅವೂ ಬದಲಾಗುತ್ತವೆ. ಯಾವುದನ್ನು ಯಾವಾಗ ಮಾಡಬೇಕು, ಎಲ್ಲಿ ಎಡವುತ್ತಾರೆ ಅನ್ನೋದಷ್ಟೇ ಇಲ್ಲಿದೆ.

1. ಬೇಕಾದ್ದನ್ನು ಮೊದಲು ಹೊಂದಿಸಿಕೊಳ್ಳಿ

ಬೇರೆ ಏನೂ ಓಡದ ಒಂದು ಹೊಸ ಸರ್ವರ್ ಬೇಕು. ಉಬುಂಟು 22.04 ಅಥವಾ 24.04 ಇದ್ದರೆ ಒಳ್ಳೆಯದು. ನೂರರ ಒಳಗಿನ ಜನಕ್ಕೆ 2 ಜಿಬಿ ರ್‍ಯಾಮ್ ಸಾಕು ಅನ್ನುತ್ತಾರೆ, ನೀವು 4 ಜಿಬಿಯೇ ತಗೊಳ್ಳಿ. ಒಂದು ಡೊಮೈನ್ ಹೆಸರು ಬೇಕು. ಕಂಪನಿಯ ವೆಬ್‌ಸೈಟ್ ಹೆಸರಿನ ಮುಂದೆ "ಚಾಟ್" ಅಂತ ಸೇರಿಸಿ ಡಿಎನ್‌ಎಸ್‌ನಲ್ಲಿ ಈ ಸರ್ವರಿನ ಐಪಿ ವಿಳಾಸ ಬರೆಸಿದರೆ ಆಯಿತು. ಡಿಎನ್‌ಎಸ್ ಎಂದರೆ ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸುವ ಪಟ್ಟಿ. ಇದರ ಜೊತೆಗೆ ಮೇಲ್ ಕಳಿಸಲು ಒಂದು ಖಾತೆ.

ವೆಬ್‌ಸೈಟು ಓಡುತ್ತಿರುವ ಸರ್ವರಿನಲ್ಲೇ ಇದನ್ನೂ ಹಾಕಿಬಿಡೋಣ ಅನ್ನಬೇಡಿ. ಜುಲಿಪ್‌ನ ಇನ್‌ಸ್ಟಾಲರ್ ವೆಬ್ ಸರ್ವರ್, ಡೇಟಾಬೇಸ್ ಎಲ್ಲವನ್ನೂ ತನಗೆ ಬೇಕಾದ ಹಾಗೆ ಜೋಡಿಸಿಕೊಳ್ಳುತ್ತದೆ. ಪಕ್ಕದಲ್ಲಿ ಇದ್ದದ್ದು ಕೆಟ್ಟರೆ ಅದನ್ನು ದೂರಿ ಪ್ರಯೋಜನವಿಲ್ಲ.

2. ಇನ್‌ಸ್ಟಾಲ್

ಇಡೀ ಕೆಲಸದಲ್ಲಿ ಸುಲಭದ ಭಾಗ ಇದು. ಡೌನ್‌ಲೋಡ್ ಮಾಡಿ, ಬಿಚ್ಚಿ, ಇನ್‌ಸ್ಟಾಲರ್ ಓಡಿಸಿ, ಕಾಫಿ ಕುಡಿದು ಬನ್ನಿ. ಸೈಟಿಗೆ ಬೀಗದ ಗುರುತು ತರುವ ಎಸ್‌ಎಸ್‌ಎಲ್ ಸರ್ಟಿಫಿಕೇಟನ್ನೂ ಅದೇ ಉಚಿತವಾಗಿ ತರಿಸಿಕೊಳ್ಳುತ್ತದೆ. ಆದರೆ ಡಿಎನ್‌ಎಸ್ ಮೊದಲೇ ಸರಿಯಿರಬೇಕು, 80 ಮತ್ತು 443ನೇ ಪೋರ್ಟ್ (ಸರ್ವರಿನ ಸಂಪರ್ಕದ ದಾರಿಗಳು) ತೆರೆದಿರಬೇಕು. ಕೊನೆಯಲ್ಲಿ ಸಂಸ್ಥೆಯನ್ನು, ಅಂದರೆ ಜುಲಿಪ್‌ನೊಳಗೆ ನಿಮ್ಮ ಆಫೀಸಿನ ಜಾಗವನ್ನು, ತೆರೆಯಲು ಒಂದು ಲಿಂಕ್ ಕೊಡುತ್ತದೆ. ಹಳೆಯ ಮೆಸೇಜ್ ತರುವ ಯೋಚನೆ ಇದ್ದರೆ ಆ ಲಿಂಕ್ ಒತ್ತಬೇಡಿ. ಯಾಕೆ ಅಂತ 4ನೇ ಹಂತದಲ್ಲಿ ಹೇಳುತ್ತೇನೆ.

3. ಮೇಲ್ ಹೋಗುತ್ತಿದೆಯಾ ನೋಡಿ

ಆಹ್ವಾನ, ಪಾಸ್‌ವರ್ಡ್ ಮರುಹೊಂದಿಕೆ, ಊಟಕ್ಕೆ ಹೋದಾಗ ತಪ್ಪಿಹೋದ ಮೆಸೇಜಿನ ಸೂಚನೆ, ಎಲ್ಲವೂ ಮೇಲ್ ಮೇಲೆ ನಿಂತಿದೆ. ಸೆಟ್ಟಿಂಗ್ಸ್ ಫೈಲಿನಲ್ಲಿ ಎಸ್‌ಎಂಟಿಪಿ, ಅಂದರೆ ಮೇಲ್ ಕಳಿಸುವ ಸರ್ವರಿನ ವಿವರ ಬರೆಯಿರಿ. ಪಾಸ್‌ವರ್ಡ್ ಮಾತ್ರ ಅಲ್ಲಿ ಅಲ್ಲ, ಅದಕ್ಕೆಂದೇ ಇರುವ ರಹಸ್ಯಗಳ ಫೈಲಿನಲ್ಲಿ. ಆಮೇಲೆ ಪರೀಕ್ಷೆಯ ಮೇಲ್ ಕಳಿಸುವ ಕಮ್ಯಾಂಡ್ ಇದೆ, ಓಡಿಸಿ ನೋಡಿ.

ಮೇಲ್ ಹೋಗದಿದ್ದರೆ ಸಾಮಾನ್ಯವಾಗಿ ತಪ್ಪು ಇರುವುದು ಎರಡೇ ಕಡೆ. ಹಲವು ಕ್ಲೌಡ್ ಕಂಪನಿಗಳು ಹೊರಹೋಗುವ 25ನೇ ಪೋರ್ಟನ್ನು ಮುಚ್ಚಿರುತ್ತವೆ, 587 ಬಳಸಿ. ಜಿಮೇಲ್ ಖಾತೆಯಾದರೆ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಎರಡು ಹಂತದ ಪರಿಶೀಲನೆ ಆನ್ ಮಾಡಿ, "ಆ್ಯಪ್ ಪಾಸ್‌ವರ್ಡ್" ಅಂತ ಬೇರೆಯದನ್ನು ಮಾಡಿಕೊಳ್ಳಬೇಕು.

4. ಹಳೆಯ ಮೆಸೇಜ್ ತರುವುದಾದರೆ ಈಗಲೇ ತನ್ನಿ

ಸ್ಲ್ಯಾಕ್, ಮ್ಯಾಟರ್‌ಮೋಸ್ಟ್, ರಾಕೆಟ್ ಚಾಟ್‌ನಿಂದ ಇತಿಹಾಸ ತರುವ ವ್ಯವಸ್ಥೆ ಜುಲಿಪ್‌ನಲ್ಲೇ ಇದೆ. ವಾಟ್ಸಾಪಿಗೆ ಇಲ್ಲ. ನಿಜ ಹೇಳಬೇಕೆಂದರೆ ವಾಟ್ಸಾಪ್ ಗ್ರೂಪಿನ ಗುಡ್ ಮಾರ್ನಿಂಗ್ ಚಿತ್ರಗಳನ್ನು ತಂದು ಆಗಬೇಕಾದ್ದೇನು ಇಲ್ಲ ಬಿಡಿ.

ಗಮನ ಇಡಬೇಕಾದ ಮಾತು: ಆಮದು ಮಾಡಿದ ಡೇಟಾ ಹೊಸ ಸಂಸ್ಥೆಯಾಗಿಯೇ ಬರುತ್ತದೆ. ಈಗಾಗಲೇ ಇರುವ ಸಂಸ್ಥೆಯೊಳಗೆ ಬೆರೆಸಲು ಬರುವುದಿಲ್ಲ. "ಮೊದಲು ಒಂದು ತಿಂಗಳು ಬಳಸಿ ನೋಡೋಣ, ಇಷ್ಟವಾದರೆ ಆಮೇಲೆ ಸ್ಲ್ಯಾಕ್‌ದು ತರೋಣ" ಅಂತ ಹೊರಟವರು ಆ ಒಂದು ತಿಂಗಳ ಮಾತುಕತೆ ಬಿಡಬೇಕು, ಇಲ್ಲ ಹಳೆಯದನ್ನು ಬಿಡಬೇಕು.

ಇನ್ನೊಂದು, ಜನರನ್ನು ಗುರುತಿಸುವುದು ಮೇಲ್ ವಿಳಾಸದಿಂದ. ಸ್ಲ್ಯಾಕ್‌ನಲ್ಲಿ ಸ್ವಂತ ಜಿಮೇಲ್ ಕೊಟ್ಟವರು ಇಲ್ಲಿ ಕಂಪನಿಯ ವಿಳಾಸದಿಂದ ಲಾಗಿನ್ ಆದರೆ ಒಬ್ಬರೇ ಇಬ್ಬರಾಗುತ್ತಾರೆ. ಎಕ್ಸ್‌ಪೋರ್ಟ್ ಮಾಡುವ ಮೊದಲೇ ಅಲ್ಲಿ ವಿಳಾಸ ಸರಿಮಾಡಿಸಿ.

5. ಲಾಗಿನ್: ಹೊತ್ತು ಹೋಗಬೇಕಾದ್ದು ಇಲ್ಲೇ

ಜೋಡಣೆ ಅಂದ ಕೂಡಲೇ ಎಲ್ಲರ ಕಣ್ಣು ತಾವೇ ಮೆಸೇಜ್ ಹಾಕುವ ಬಾಟ್‌ಗಳ ಮೇಲೆ. ನನ್ನ ಪ್ರಕಾರ ಮೊದಲ ಜೋಡಣೆ ಲಾಗಿನ್‌ನದ್ದು. ಯಾರು ಕೆಲಸಕ್ಕೆ ಸೇರಿದರು, ಯಾರು ಬಿಟ್ಟರು ಎಂಬ ಲೆಕ್ಕ ಒಂದೇ ಕಡೆ ಇರಬೇಕು, ಚಾಟ್ ಸರ್ವರ್ ಅದನ್ನು ಕೇಳಿ ನಡೆಯಬೇಕು. ಇದೊಂದು ಸರಿಯಿಲ್ಲದಿದ್ದರೆ, ಬಿಟ್ಟುಹೋದವರ ಫೋನಿಗೆ ನಿಮ್ಮ ಕೊಟೇಷನ್‌ಗಳು ಹೋಗುತ್ತಲೇ ಇರುತ್ತವೆ.

ನಿಮ್ಮಲ್ಲಿ ಏನಿದೆ ನೋಡಿಕೊಳ್ಳಿ. ವಿಂಡೋಸ್ ಸರ್ವರಿನ ಆಕ್ಟಿವ್ ಡೈರೆಕ್ಟರಿ, ಅಂದರೆ ನೌಕರರ ಖಾತೆಗಳ ಪಟ್ಟಿ, ಇದ್ದರೆ ಎಲ್‌ಡ್ಯಾಪ್ ಮೂಲಕ ಜೋಡಿಸಿ. ಎಲ್‌ಡ್ಯಾಪ್ ಎಂದರೆ ನೌಕರರ ಕೇಂದ್ರ ಪಟ್ಟಿಯನ್ನು ಬೇರೆ ಸಾಫ್ಟ್‌ವೇರ್ ವಿಚಾರಿಸುವ ಪದ್ಧತಿ. ಗೂಗಲ್ ವರ್ಕ್‌ಸ್ಪೇಸ್ ಇದ್ದರೆ ಗೂಗಲ್ ಲಾಗಿನ್. ಎಲ್ಲ ಸಾಫ್ಟ್‌ವೇರಿಗೂ ಒಂದೇ ಲಾಗಿನ್ ಕೊಡುವ ಓಕ್ಟಾ, ಕೀಕ್ಲೋಕ್ ಥರದ್ದಿದ್ದರೆ ಸ್ಯಾಮಲ್, ಅಂದರೆ "ಇವರು ನಮ್ಮವರೇ" ಅಂತ ಒಂದು ಸರ್ವರ್ ಇನ್ನೊಂದಕ್ಕೆ ಸಹಿ ಹಾಕಿ ಹೇಳುವ ಪದ್ಧತಿ.

ಎಲ್‌ಡ್ಯಾಪ್ ಹೀಗೆ ಜೋಡಿಸಿ. ಮೊದಲು ಪಟ್ಟಿ ಓದಲಿಕ್ಕೆ ಮಾತ್ರ ಹಕ್ಕಿರುವ ಒಂದು ಖಾತೆ ಮಾಡಿಸಿ. ಅಡ್ಮಿನ್ ಖಾತೆಯನ್ನೇ ಕೊಟ್ಟುಬಿಡಬೇಡಿ. ಈ ಖಾತೆಯ ಪಾಸ್‌ವರ್ಡ್ ಅವಧಿ ಮುಗಿಯದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಒಂದು ಸೋಮವಾರ ಬೆಳಗ್ಗೆ ಯಾರಿಗೂ ಲಾಗಿನ್ ಆಗುವುದಿಲ್ಲ. ಸಂಪರ್ಕ 636ನೇ ಪೋರ್ಟಿನಲ್ಲಿ, ಗೂಢಲಿಪಿಯಲ್ಲೇ ಇರಲಿ. 389ರಲ್ಲಿ ಬರಿದೇ ಬಿಟ್ಟರೆ ಪಾಸ್‌ವರ್ಡ್‌ಗಳು ತೆರೆದುಕೊಂಡೇ ಓಡಾಡುತ್ತವೆ.

ಆಮೇಲೆ ಒಬ್ಬೊಬ್ಬರ ವಿವರ ಕೇಳಿ ನೋಡುವ ಕಮ್ಯಾಂಡ್ ಜುಲಿಪ್‌ನಲ್ಲಿದೆ. ಲಾಗಿನ್ ಪುಟಕ್ಕೆ ಹೋಗುವ ಮೊದಲು ಅದನ್ನೇ ನಾಲ್ಕಾರು ಜನರ ಮೇಲೆ ಓಡಿಸಿ: ಒಬ್ಬ ಹಳಬರು, ಒಬ್ಬ ಹೊಸಬರು, ಬೇರೆ ಬ್ರ್ಯಾಂಚಿನವರೊಬ್ಬರು. ಆಗ ಗೊತ್ತಾಗುವ ಸಂಗತಿ ಏನೆಂದರೆ, ಡೈರೆಕ್ಟರಿಯಲ್ಲಿ ಎಷ್ಟೋ ಜನರ ಮೇಲ್ ಕಾಲಂ ಖಾಲಿ ಇರುತ್ತದೆ. ವಿಂಡೋಸ್ ಲಾಗಿನ್ನಿಗೆ ಅದು ಬೇಕಿಲ್ಲ, ಹಾಗಾಗಿ ಯಾರೂ ತುಂಬಿರುವುದಿಲ್ಲ. ಜುಲಿಪ್‌ಗೆ ಅದಿಲ್ಲದೆ ನಡೆಯುವುದಿಲ್ಲ. ಮೊದಲು ಆ ಕಾಲಂ ತುಂಬಿಸಿ. ಎಚ್‌ಆರ್ ವಿಭಾಗದವರಿಗೆ ಒಂದು ಎಕ್ಸೆಲ್ ಶೀಟ್ ಕಳಿಸಿದರೆ ಎರಡು ದಿನದ ಕೆಲಸ.

ಇಲ್ಲಿ ಇನ್ನೂ ಮೂರು ಕಡೆ ಎಡವುತ್ತಾರೆ, ಇವು ಸುಲಭಕ್ಕೆ ಕಾಣುವುದಿಲ್ಲ.

ಎಲ್‌ಡ್ಯಾಪ್ ಜೋಡಿಸಿದ ಮಾತ್ರಕ್ಕೆ ಬಿಟ್ಟುಹೋದವರ ಖಾತೆ ತಾನೇ ಮುಚ್ಚುವುದಿಲ್ಲ. ಪಟ್ಟಿಯೊಂದಿಗೆ ತಾಳೆ ನೋಡುವ ಸಿಂಕ್ ಕಮ್ಯಾಂಡ್ ಇದೆ. ಅದನ್ನು ಕ್ರಾನ್‌ನಲ್ಲಿ, ಅಂದರೆ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಲಿನಕ್ಸ್ ವ್ಯವಸ್ಥೆಯಲ್ಲಿ, ನೀವೇ ಹಾಕಬೇಕು. ಆಕ್ಟಿವ್ ಡೈರೆಕ್ಟರಿಯಲ್ಲಿ ಖಾತೆ ನಿಷ್ಕ್ರಿಯವಾಗಿದೆ ಎಂಬ ಗುರುತನ್ನೂ ಸೆಟ್ಟಿಂಗ್ಸ್‌ನಲ್ಲಿ ಹೆಸರಿಸಿರಬೇಕು.

ಎರಡನೆಯದು ಇದರ ತಿರುಗುಮುರುಗು. ಲಾಗಿನ್ನಿಗೆ ಎಲ್‌ಡ್ಯಾಪ್ ಒಂದೇ ದಾರಿ ಅಂತ ಇಟ್ಟರೆ, ಪಟ್ಟಿಯಲ್ಲಿ ಇಲ್ಲದವರನ್ನೆಲ್ಲ ಸಿಂಕ್ ನಿಷ್ಕ್ರಿಯ ಮಾಡುತ್ತದೆ. ಹೊರಗಿನ ಆಡಿಟರ್, ಗುತ್ತಿಗೆಯ ಡಿಸೈನರ್ ಮೇಲ್ ವಿಳಾಸದಿಂದ ಬಂದಿದ್ದರೆ ಮಾರನೇ ದಿನ ಅವರಿರುವುದಿಲ್ಲ. ಇದಕ್ಕೊಂದು ಸೆಟ್ಟಿಂಗ್ ಇದೆ, ಮೊದಲೇ ನೋಡಿಕೊಳ್ಳಿ.

ಮೂರನೆಯದು ಗೂಗಲ್ ಲಾಗಿನ್ನಿನವರಿಗೆ. ಗೂಗಲ್‌ನಲ್ಲಿ ಖಾತೆ ತೆಗೆದರೆ ಹೊಸದಾಗಿ ಲಾಗಿನ್ ಆಗಲು ಬರುವುದಿಲ್ಲ, ಸರಿ. ಆದರೆ ಆಗಲೇ ತೆರೆದಿರುವ ಬ್ರೌಸರ್, ಅದಕ್ಕಿಂತ ಮುಖ್ಯವಾಗಿ ಫೋನಿನ ಆ್ಯಪ್, ಹಾಗೇ ನಡೆಯುತ್ತಿರುತ್ತದೆ. ಜುಲಿಪ್‌ನಲ್ಲೂ ಆ ಖಾತೆಯನ್ನು ನಿಷ್ಕ್ರಿಯ ಮಾಡಲೇಬೇಕು. ಕೊನೆಯ ದಿನ ಲ್ಯಾಪ್‌ಟಾಪ್, ಐಡಿ ಕಾರ್ಡ್ ವಾಪಸ್ ಪಡೆಯುವ ಚೆಕ್‌ಲಿಸ್ಟಿಗೆ ಈ ಸಾಲನ್ನೂ ಸೇರಿಸಿಸಿ.

ಪರೀಕ್ಷೆ ಮಾಡುವಾಗ ಅಡ್ಮಿನ್ ಆಗಿ ಲಾಗಿನ್ ಆದ ಕಿಟಕಿ ತೆರೆದೇ ಇರಲಿ, ಹೊಸ ಲಾಗಿನ್ನನ್ನು ಇನ್‌ಕಾಗ್ನಿಟೋ ಕಿಟಕಿಯಲ್ಲಿ ನೋಡಿ. ಹೊಸದು ಕೆಲಸ ಮಾಡುವುದು ಖಾತ್ರಿಯಾಗುವ ತನಕ ಹಳೆಯ ಪಾಸ್‌ವರ್ಡ್ ಲಾಗಿನ್ ಆಫ್ ಮಾಡಬೇಡಿ.

6. ನಿಮ್ಮ ಆಫೀಸಿಗೆ ಒಗ್ಗಿಸುವುದು

"ಬಣ್ಣ ಬದಲಿಸಬಹುದಾ, ಮೆನು ಬದಲಿಸಬಹುದಾ, ಕೋಡ್ ಸಿಗುತ್ತಲ್ವಾ?" ಸಿಗುತ್ತದೆ. ಮುಟ್ಟಬೇಡಿ. ಇಂದು ಹತ್ತು ಸಾಲು ತಿದ್ದಿದರೆ ಮುಂದಿನ ಪ್ರತಿ ಅಪ್‌ಗ್ರೇಡಿನಲ್ಲೂ ಆ ಹತ್ತು ಸಾಲನ್ನು ಹೊಸ ಕೋಡಿಗೆ ಮತ್ತೆ ಕೂರಿಸಬೇಕು. ತಿದ್ದಿದವರು ಕೆಲಸ ಬಿಟ್ಟ ದಿನ ಅಪ್‌ಗ್ರೇಡೂ ನಿಲ್ಲುತ್ತದೆ, ಭದ್ರತೆಯ ತೇಪೆಗಳೂ ನಿಲ್ಲುತ್ತವೆ. ಸೆಟ್ಟಿಂಗ್ಸ್‌ನಲ್ಲೇ ಬೇಕಾದಷ್ಟಿದೆ: ಲೋಗೋ (ಬೆಳಕಿನ ಥೀಮಿಗೊಂದು, ಕತ್ತಲೆಯ ಥೀಮಿಗೊಂದು ಕೊಡಿ, ಬಿಳಿ ಅಕ್ಷರದ ಲೋಗೋ ಬಿಳಿ ಪರದೆಯಲ್ಲಿ ಕಾಣುವುದಿಲ್ಲ), ಸ್ವಂತ ಇಮೋಜಿ, ಹೊಸಬರು ತಾನಾಗಿ ಸೇರುವ ಚಾನೆಲ್‌ಗಳು (ಗ್ರೂಪಿನಂಥ ಮಾತುಕತೆಯ ಜಾಗಗಳು), ಯಾರು ಏನು ಮಾಡಬಹುದು ಎಂಬ ಅನುಮತಿಗಳು.

ಚಾನೆಲ್ ಕಡಿಮೆ ಇರಲಿ. ವಿಭಾಗಕ್ಕೊಂದು, ದೊಡ್ಡ ಕೆಲಸಕ್ಕೊಂದು. ಉಳಿದದ್ದನ್ನು ಟಾಪಿಕ್ ನೋಡಿಕೊಳ್ಳುತ್ತದೆ. "ಖರೀದಿ" ಎಂಬ ಚಾನೆಲ್ಲಿನಲ್ಲಿ "ಗೋಡೌನ್ ಯುಪಿಎಸ್ ಬ್ಯಾಟರಿ" ಒಂದು ಟಾಪಿಕ್, "ದೀಪಾವಳಿ ಸ್ವೀಟ್ ಬಾಕ್ಸ್" ಇನ್ನೊಂದು. ಬ್ಯಾಟರಿ ಮಾತಿನ ನಡುವೆ ಸ್ವೀಟ್ ವಿಷಯ ನುಗ್ಗಿದರೆ ಆ ಮೆಸೇಜುಗಳನ್ನು ಎತ್ತಿ ಸರಿಯಾದ ಟಾಪಿಕ್ಕಿಗೆ ಹಾಕಬಹುದು. ಮೊದಲ ತಿಂಗಳು ಒಬ್ಬರು ಈ ಕೆಲಸವನ್ನು ಬೇಸರವಿಲ್ಲದೆ ಮಾಡಿದರೆ ಉಳಿದವರಿಗೆ ರೂಢಿಯಾಗುತ್ತದೆ. ಚಾನೆಲ್ಲಿನ ಎಲ್ಲರನ್ನೂ ಒಟ್ಟಿಗೆ ಕರೆಯುವ ಮೆನ್ಷನ್ ಮಾತ್ರ ದೊಡ್ಡ ಚಾನೆಲ್‌ಗಳಲ್ಲಿ ಎಲ್ಲರ ಕೈಗೆ ಕೊಡಬೇಡಿ.

ಹೆಸರು ಬರೆಯುವ ಕ್ರಮವನ್ನೂ ಮೊದಲೇ ತೀರ್ಮಾನಿಸಿ. ಕನ್ನಡದಲ್ಲಿ ಹೆಸರು ಇಟ್ಟುಕೊಳ್ಳಬಹುದು, ಚೆನ್ನಾಗೇ ಕಾಣುತ್ತದೆ. ಆದರೆ ಮೆನ್ಷನ್ ಮಾಡಲು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರಿಗೆ ಆ ಹೆಸರು ಸಿಗುವುದಿಲ್ಲ. ಪಕ್ಕಪಕ್ಕದಲ್ಲಿ ಎರಡೂ ಲಿಪಿಯಲ್ಲಿ ಬರೆದರೆ ಯಾವುದರಲ್ಲಿ ಹುಡುಕಿದರೂ ಸಿಗುತ್ತಾರೆ. ಹೆಸರು ಎಲ್‌ಡ್ಯಾಪ್‌ನಿಂದ ಬರುತ್ತಿದ್ದರೆ ಅಲ್ಲೇ ತಿದ್ದಿ, ಇಲ್ಲಿ ತಿದ್ದಿದ್ದನ್ನು ಸಿಂಕ್ ಅಳಿಸುತ್ತದೆ. ಪ್ರೊಫೈಲಿಗೆ ಹೊಸ ಕಾಲಂ ಸೇರಿಸುವಾಗ ಎಕ್ಸ್‌ಟೆನ್ಷನ್ ನಂಬರು, ಬ್ರ್ಯಾಂಚು ಸಾಕು. ಐಡಿ ಕಾರ್ಡಿನಲ್ಲಿದೆ ಅಂತ ರಕ್ತದ ಗುಂಪು, ಹುಟ್ಟಿದ ದಿನ ಎಲ್ಲ ತುಂಬಿಸಬೇಡಿ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರ ಡಿಜಿಟಲ್ ಡೇಟಾ ಕಾಯ್ದೆ ಬಂದಿದೆ. ಕೆಲಸಕ್ಕೆ ಬೇಡದ ಮಾಹಿತಿಯನ್ನು ಸುಮ್ನೆ ಸೇರಿಸಿಟ್ಟುಕೊಂಡು ತಲೆನೋವು ಯಾಕೆ?

ಜನ ತುಂಬ ಮೆಚ್ಚುವ ಸೌಲಭ್ಯವೆಂದರೆ ಲಿಂಕಿಫೈಯರ್. ಯಾರಾದರೂ "ಬಿಲ್-4521" ಅಂತ ಬರೆದರೆ ಅದು ತಾನೇ ಬಿಲ್ಲಿಂಗ್ ಸಾಫ್ಟ್‌ವೇರಿನ ಆ ಬಿಲ್ಲಿಗೆ ಲಿಂಕ್ ಆಗುತ್ತದೆ. ಅಕ್ಷರದ ಮಾದರಿಯನ್ನೂ ಲಿಂಕಿನ ಮಾದರಿಯನ್ನೂ ಒಮ್ಮೆ ಬರೆದಿಟ್ಟರೆ ಆಯಿತು. ಮಾದರಿಯಲ್ಲಿ ಬರೀ ಅಂಕಿ ಕೊಡಬೇಡಿ. ಕೊಟ್ಟರೆ ರೂಪಾಯಿ ಮೊತ್ತ, ಫೋನ್ ನಂಬರು, ಪಿನ್ ಕೋಡು ಎಲ್ಲ ನೀಲಿ ಲಿಂಕ್ ಆಗಿ ಕೂರುತ್ತವೆ. ಮುಂದೆ ಒಂದು ಗುರುತಿನ ಅಕ್ಷರ ಇರಲೇಬೇಕು.

7. ಬೇರೆ ಸಾಫ್ಟ್‌ವೇರ್‌ಗಳಿಗೆ ಜೋಡಿಸುವುದು

ಇಲ್ಲಿ ಎರಡು ಪದ ಗೊತ್ತಿದ್ದರೆ ಸಾಕು. ವೆಬ್‌ಹುಕ್ ಎಂದರೆ ಒಂದು ಸಾಫ್ಟ್‌ವೇರಿನಲ್ಲಿ ಏನಾದರೂ ಆದ ತಕ್ಷಣ ಅದು ಇನ್ನೊಂದರ ವಿಳಾಸಕ್ಕೆ ಸುದ್ದಿ ಮುಟ್ಟಿಸುವುದು. ಬಾಟ್ ಎಂದರೆ ಹಾಗೆ ಬಂದ ಸುದ್ದಿಯನ್ನು ಚಾಟಿನಲ್ಲಿ ಬರೆಯುವ, ಮನುಷ್ಯನಲ್ಲದ ಖಾತೆ.

ಜುಲಿಪ್‌ನಲ್ಲಿ ಮುಖ್ಯವಾಗಿ ಮೂರು ಬಗೆಯ ಬಾಟ್ ಇವೆ. ಹೊರಗಿನಿಂದ ಬಂದದ್ದನ್ನು ಬರೆಯುವುದಷ್ಟೇ ಗೊತ್ತಿರುವ ಇನ್‌ಕಮಿಂಗ್ ವೆಬ್‌ಹುಕ್ ಬಾಟ್ ಒಂದು. ಯಾರಾದರೂ ಕರೆದಾಗ ನಿಮ್ಮ ಸರ್ವರನ್ನು ಕೇಳಿ ಉತ್ತರ ತರುವ ಔಟ್‌ಗೋಯಿಂಗ್ ಬಾಟ್ ಇನ್ನೊಂದು. ಮಾಮೂಲಿ ಬಳಕೆದಾರರ ಹಾಗೆ ಓದಿ ಬರೆಯಬಲ್ಲ ಜೆನೆರಿಕ್ ಬಾಟ್ ಮತ್ತೊಂದು. ಕಡಿಮೆ ಹಕ್ಕಿನದ್ದು ಮೊದಲನೆಯದು. ಹೆಚ್ಚಿನ ಕೆಲಸಕ್ಕೆ ಅದೇ ಸಾಕು.

ಗಿಟ್‌ಹಬ್, ಜಿರಾ, ಜೆಂಕಿನ್ಸ್, ಗ್ರಫಾನಾ ಹೀಗೆ 100ಕ್ಕೂ ಹೆಚ್ಚು ಸಾಫ್ಟ್‌ವೇರ್‌ಗಳಿಗೆ ಜೋಡಣೆ ಸಿದ್ಧವೇ ಇದೆ. ಬಾಟ್ ಮಾಡಿ, ಅದು ಕೊಡುವ ಯುಆರ್‌ಎಲ್ ಅನ್ನು ಅಲ್ಲಿ ಅಂಟಿಸಿದರೆ ಮುಗಿಯಿತು. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಒಂದು ಉದಾಹರಣೆ ನೋಡೋಣ: ನಮ್ಮ ಸಣ್ಣ ಕಂಪನಿಗಳಲ್ಲಿ ಬಳಕೆಯಲ್ಲಿರುವ, ಖರೀದಿ ಮಾರಾಟದ ಲೆಕ್ಕ ಇಡುವ ಇಆರ್‌ಪಿನೆಕ್ಸ್ಟ್. 50,000 ರೂಪಾಯಿ ಮೀರಿದ ಖರೀದಿ ಆದೇಶ ಸಲ್ಲಿಕೆಯಾದರೆ "ಖರೀದಿ" ಚಾನೆಲ್ಲಿಗೆ ಸುದ್ದಿ ಬರಬೇಕು ಅಂದುಕೊಳ್ಳಿ.

ಜುಲಿಪ್‌ನಲ್ಲಿ ಇನ್‌ಕಮಿಂಗ್ ಬಾಟ್ ಮಾಡಿ, ಸ್ಲ್ಯಾಕ್ ರೀತಿಯ ವೆಬ್‌ಹುಕ್ ಸ್ವೀಕರಿಸುವ ಯುಆರ್‌ಎಲ್ ಮಾಡಿಸಿ. ಚಾನೆಲ್ ಮತ್ತು ಟಾಪಿಕ್ ಹೆಸರು ಆ ಯುಆರ್‌ಎಲ್‌ನಲ್ಲೇ ಸೇರುತ್ತವೆ. ಇಆರ್‌ಪಿನೆಕ್ಸ್ಟ್‌ನಲ್ಲಿ ಹೊಸ ವೆಬ್‌ಹುಕ್ ತೆರೆದು, ದಾಖಲೆಯ ಬಗೆ ಖರೀದಿ ಆದೇಶ, ಸಂದರ್ಭ ಸಲ್ಲಿಕೆ ಅಂತ ಆರಿಸಿ. ಷರತ್ತಿನ ಕಾಲಂನಲ್ಲಿ ಒಟ್ಟು ಮೊತ್ತ 50,000 ಮೀರಿರಬೇಕು ಅಂತ ಬರೆಯಿರಿ. ಕಳಿಸುವ ಪಠ್ಯದಲ್ಲಿ ಆದೇಶದ ಸಂಖ್ಯೆ, ಮಾರಾಟಗಾರರ ಹೆಸರು, ಮೊತ್ತ ಇರಲಿ. ಪ್ರತಿ ಆದೇಶಕ್ಕೂ ಬೇರೆ ಟಾಪಿಕ್ ಬೇಕೆಂದರೆ ಈ ದಾರಿ ಸಾಲದು, ಟಾಪಿಕ್ ಯುಆರ್‌ಎಲ್‌ನಲ್ಲಿ ಒಂದೇ ಆಗಿ ನಿಂತಿರುತ್ತದೆ. ಆಗ ಜುಲಿಪ್‌ನ ಎಪಿಐ ಬಳಸಿ ಸಣ್ಣ ಸ್ಕ್ರಿಪ್ಟ್ ಬರೆಸಬೇಕು. ಎಪಿಐ ಅಂದರೆ ಪ್ರೋಗ್ರಾಮುಗಳು ಒಂದಕ್ಕೊಂದು ಮಾತಾಡುವ ಬಾಗಿಲು.

ಆ ಯುಆರ್‌ಎಲ್‌ನೊಳಗೆ ಬಾಟ್‌ನ ಕೀ ಇರುತ್ತದೆ, ಅಂದರೆ ಅದೂ ಒಂದು ಪಾಸ್‌ವರ್ಡೇ. ಸ್ಕ್ರೀನ್‌ಶಾಟ್ ತೆಗೆದು "ಯಾಕೋ ಬರ್ತಿಲ್ಲ ನೋಡಿ" ಅಂತ ವೆಂಡರಿಗೆ ಕಳಿಸಿದರೆ ಕೀ ಹೊರಗೆ ಹೋದ ಹಾಗೆ, ಕೂಡಲೇ ಹೊಸ ಕೀ ಮಾಡಿ.

ಇನ್ನೊಂದು ತೊಂದರೆ ತಿಂಗಳುಗಟ್ಟಲೆ ಅಡಗಿ ಕೂತಿರುತ್ತದೆ. ಬಾಟ್‌ಗೆ ಒಬ್ಬ ಒಡೆಯ ಇರುತ್ತಾರೆ, ಅದನ್ನು ಮಾಡಿದವರು. ಅವರ ಖಾತೆ ನಿಷ್ಕ್ರಿಯವಾದರೆ ಅವರ ಬಾಟ್‌ಗಳೂ ನಿಷ್ಕ್ರಿಯವಾಗುತ್ತವೆ. ಒಂದು ಕಡೆ ಸರ್ವರ್ ಎಚ್ಚರಿಕೆಗಳೆಲ್ಲ ಒಂದು ದಿನ ದಿಢೀರ್ ನಿಂತವು. ಎಲ್ಲ ಚೆನ್ನಾಗಿದೆ ಅಂತ ಜನ ಖುಷಿಯಾಗಿದ್ದರು. ಬಾಟ್ ಮಾಡಿದ್ದ ಹುಡುಗ ಹಿಂದಿನ ಶುಕ್ರವಾರ ಕೆಲಸ ಬಿಟ್ಟಿದ್ದ, ಅಷ್ಟೇ. ಅಡ್ಮಿನ್ ಆದವರು ಒಡೆತನವನ್ನು ಬದಲಿಸಬಹುದು, ಅದನ್ನು ಆ ಶುಕ್ರವಾರಕ್ಕೆ ಮೊದಲೇ ಮಾಡಿ.

ಔಟ್‌ಗೋಯಿಂಗ್ ಬಾಟ್ ಮಾಡುವವರಿಗೆ: ಆಫೀಸಿನೊಳಗಿನ 192.168ರಿಂದ ಶುರುವಾಗುವ ವಿಳಾಸಕ್ಕೆ ಅದು ಹೋಗುವುದಿಲ್ಲ. ಹೊರಹೋಗುವ ಸಂಪರ್ಕಗಳನ್ನು ಕಾಯುವ ಸ್ಮೋಕ್‌ಸ್ಕ್ರೀನ್ ಎಂಬ ಪ್ರಾಕ್ಸಿ ಜುಲಿಪ್ ಜೊತೆಗೇ ಬರುತ್ತದೆ, ಒಳಗಿನ ವಿಳಾಸಗಳನ್ನು ಅದು ತಡೆಯುತ್ತದೆ. ಇದು ಬೇಕೆಂದೇ ಇಟ್ಟ ಕಾವಲು. ಇಡೀ ಪ್ರಾಕ್ಸಿ ಆಫ್ ಮಾಡುವ ಬದಲು ನಿಮಗೆ ಬೇಕಾದ ಆ ಒಂದು ವಿಳಾಸಕ್ಕೆ ಮಾತ್ರ ಅನುಮತಿ ಕೊಡಿ.

ಏನೇನು ಜೋಡಿಸಬೇಕು ಅನ್ನುವುದಕ್ಕೆ ನನ್ನ ಅಳತೆ ಒಂದೇ. ಆ ಸುದ್ದಿ ಓದಿದ ಮೇಲೆ ಯಾರಾದರೂ ಎದ್ದು ಏನಾದರೂ ಮಾಡಬೇಕಾ? ಬೇಡವಾದರೆ ಅದು ಚಾಟಿಗೆ ಬರುವುದೇ ಬೇಡ. ಪ್ರತಿ ಬಿಲ್ಲು, ಪ್ರತಿ ಹಾಜರಿ ಬಂದು ಬೀಳತೊಡಗಿದರೆ ಜನ ಚಾನೆಲ್ಲನ್ನೇ ಮ್ಯೂಟ್ ಮಾಡುತ್ತಾರೆ, ಆಮೇಲೆ ಮುಖ್ಯವಾದದ್ದೂ ಕಾಣುವುದಿಲ್ಲ.

8. ಕನ್ನಡದಲ್ಲಿ ಹುಡುಕಿದರೆ ಸಿಗಬೇಕಲ್ಲ

ಕನ್ನಡದಲ್ಲೇ ಮಾತಾಡುವ ಆಫೀಸಿಗೆ ಇದು ಬೇಕೇ ಬೇಕು. ಜುಲಿಪ್‌ನ ಮಾಮೂಲಿ ಹುಡುಕಾಟ ಇಂಗ್ಲಿಷ್ ವ್ಯಾಕರಣಕ್ಕೆ ಹೊಂದಿಸಿದ್ದು. ಇಂಗ್ಲಿಷ್ ಪದದ ಬಹುವಚನ, ಭೂತಕಾಲ ಎಲ್ಲ ಅದಕ್ಕೆ ಗೊತ್ತು. ನಮ್ಮ ವಿಭಕ್ತಿ ಗೊತ್ತಿಲ್ಲ. ಜುಲಿಪ್ ಮೆಸೇಜ್ ಇಡುವ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ತಮಿಳು, ಹಿಂದಿಗೆ ಪದದ ಮೂಲ ಬಿಡಿಸುವ ವ್ಯವಸ್ಥೆ ಇದೆ, ಕನ್ನಡಕ್ಕಿಲ್ಲ. ಹಾಗಾಗಿ "ಗೋಡೌನ್" ಅಂತ ಹುಡುಕಿದರೆ "ಗೋಡೌನಿಗೆ", "ಗೋಡೌನಿನಲ್ಲಿ" ಅಂತ ಬರೆದದ್ದು ಕೈಗೆ ಸಿಗುವ ಭರವಸೆ ಇಲ್ಲ.

ಪಿಜಿಗ್ರೂಂಗಾ ಎಂಬ ಸೇರ್ಪಡೆ ಇದೆ, ಎಲ್ಲ ಭಾಷೆಗಳ ಹುಡುಕಾಟಕ್ಕೆಂದೇ ಮಾಡಿದ್ದು. ಜುಲಿಪ್ ಅದನ್ನು ಅಧಿಕೃತವಾಗಿ ಬೆಂಬಲಿಸುತ್ತದೆ. ಸರ್ವರಿನ ಸಂರಚನೆಯ ಫೈಲಿನಲ್ಲಿ ಒಂದು ಸಾಲು ಸೇರಿಸಿ, ಕೈಪಿಡಿಯ ನಾಲ್ಕು ಕಮ್ಯಾಂಡ್ ಓಡಿಸಬೇಕು. ಮೆಸೇಜ್ ರಾಶಿ ಬೀಳುವ ಮೊದಲೇ ಮಾಡಿಬಿಡಿ. ಆಮೇಲಾದರೆ ಹಳೆಯದಕ್ಕೆಲ್ಲ ಸೂಚಿ ಕಟ್ಟಲು ಹೊತ್ತು ಹಿಡಿಯುತ್ತದೆ. ಕ್ಲೌಡ್ ಕಂಪನಿ ನಡೆಸಿಕೊಡುವ ರೆಡಿಮೇಡ್ ಡೇಟಾಬೇಸ್ ಬಳಸುವುದಾದರೆ ಇದನ್ನು ಹಾಕಲು ಬಿಡುತ್ತಾರಾ ಅಂತ ಮೊದಲು ಕೇಳಿ, ಬಹುತೇಕರು ಬಿಡುವುದಿಲ್ಲ.

9. ಫೋನಿಗೆ ನೋಟಿಫಿಕೇಷನ್

"ಎಲ್ಲ ಸರಿ, ಫೋನ್ ಸದ್ದು ಮಾಡ್ತಿಲ್ಲ" ಅನ್ನುವವರಿಗೆ. ಆಪಲ್, ಗೂಗಲ್ ಮೂಲಕ ನೋಟಿಫಿಕೇಷನ್ ಹೋಗಬೇಕಾದರೆ ಆ್ಯಪ್ ಮಾಡಿದವರ ಕೀಲಿ ಬೇಕು. ಹಾಗಾಗಿ ನಿಮ್ಮ ಸರ್ವರನ್ನು ಜುಲಿಪ್ ಕಂಪನಿಯ ನೋಟಿಫಿಕೇಷನ್ ಸೇವೆಗೆ ನೋಂದಾಯಿಸಬೇಕು. 10 ಜನರ ತನಕ ಉಚಿತ. ಅದಕ್ಕಿಂತ ಜಾಸ್ತಿ ಇದ್ದರೆ ಕಂಪನಿಗಳು ದುಡ್ಡಿನ ಪ್ಲಾನ್ ತೆಗೆದುಕೊಳ್ಳಬೇಕು. ಸಂಘ ಸಂಸ್ಥೆ, ಶಾಲೆ ಕಾಲೇಜಿನವರು ರಿಯಾಯಿತಿಗೆ ಅರ್ಜಿ ಹಾಕಬಹುದು. "ಪೂರ್ತಿ ಉಚಿತ" ಅಂತ ಯಜಮಾನರಿಗೆ ಹೇಳುವ ಮೊದಲು ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ.

10. ಬ್ಯಾಕಪ್ ಮತ್ತು ಅಪ್‌ಗ್ರೇಡ್

ಒಂದೇ ಕಮ್ಯಾಂಡಿನಲ್ಲಿ ಡೇಟಾಬೇಸ್, ಸೆಟ್ಟಿಂಗ್ಸ್, ಅಪ್‌ಲೋಡ್ ಮಾಡಿದ ಫೈಲುಗಳು ಸೇರಿ ಒಂದು ಕಟ್ಟು ಸಿಗುತ್ತದೆ. ರಾತ್ರಿ ಓಡುವ ಹಾಗೆ ಕ್ರಾನ್‌ನಲ್ಲಿ ಹಾಕಿ, ಬೇರೆ ಯಂತ್ರಕ್ಕೆ ಸಾಗಿಸಿ. ಫೈಲುಗಳನ್ನು ಎಸ್3 ಥರದ ಹೊರಗಿನ ಸಂಗ್ರಹದಲ್ಲಿ ಇಟ್ಟಿದ್ದರೆ ಅವು ಈ ಕಟ್ಟಿನಲ್ಲಿ ಇರುವುದಿಲ್ಲ, ಅದಕ್ಕೆ ಬೇರೆ ವ್ಯವಸ್ಥೆ ಬೇಕು. ಕಟ್ಟಿನೊಳಗೆ ನಿಮ್ಮ ಪಾಸ್‌ವರ್ಡ್, ಕೀಗಳೂ ಇರುತ್ತವೆ, ಎಲ್ಲರೂ ತೆರೆಯಬಹುದಾದ ಹಂಚಿಕೆಯ ಫೋಲ್ಡರಿನಲ್ಲಿ ಇಡಬೇಡಿ.

ಮರಳಿ ಹಾಕುವಾಗ ಜುಲಿಪ್‌ನ ಆವೃತ್ತಿ ಮತ್ತು ಪೋಸ್ಟ್‌ಗ್ರೆಸ್‌ನ ಆವೃತ್ತಿ ಎರಡೂ ಬ್ಯಾಕಪ್ ತೆಗೆದಾಗ ಇದ್ದವೇ ಆಗಿರಬೇಕು. ಹೊಸ ಸರ್ವರಿಗೆ ಹೊಸ ಆವೃತ್ತಿ ಹಾಕಿ ಅದರಲ್ಲಿ ಹಳೆಯ ಕಟ್ಟು ಬಿಚ್ಚಲು ಹೋದರೆ ಆಗುವುದಿಲ್ಲ. ಹಳೆಯ ಆವೃತ್ತಿ ಹಾಕಿ, ಡೇಟಾ ಬಿಚ್ಚಿ, ಆಮೇಲೆ ಅಪ್‌ಗ್ರೇಡ್ ಮಾಡಿ. ಕಟ್ಟಿನ ಫೈಲ್ ಹೆಸರಿನಲ್ಲೇ ಎರಡೂ ಆವೃತ್ತಿ ಸಂಖ್ಯೆ ಬರುವ ಹಾಗೆ ಕ್ರಾನ್ ಬರೆದಿಟ್ಟುಕೊಳ್ಳಿ, ಮತ್ತು ಎಲ್ಲರಿಗೂ ಆಹ್ವಾನ ಕಳಿಸುವ ಮೊದಲೇ ಒಂದು ಸಲ ಬೇರೆ ಯಂತ್ರದಲ್ಲಿ ಬಿಚ್ಚಿ ನೋಡಿ.